ಬಿಳಿನಾಲಿಗೆಯ ಆಚೆಗೆ ಕೂಗಿದ ಮಾತು

ದರ್ರೆಬೀದ್
ಬಹ್ಮನ್ ೧೯, ೧೩೭೧

ನನ್ನ ಕಣ್ಣ ಬೆಳಕೇ, ತೂಬಾ,

ಹೇಗಿದ್ದೀಯ ತಾಯಿ? ಕೆಮ್ಮು ಕಡಿಮೆಯಾಯಿತೆ? ಹೋದ ಕಾಗದದಲ್ಲಿ ನೀನು ಕೆಮ್ಮಿನ ವಿಷಯವನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ, ನಿನ್ನಮ್ಮ ಆ ಅರ್ಧ ಸಾಲನ್ನು ನನ್ನಿಂದ ನಾಲ್ಕು ಸಲ ಓದಿಸಿದಳು. ನಾನು ಶಾಲೆಯ ಸೀಮೆಸುಣ್ಣದ ಪುಡಿ ಎಂದೆ. ಅವಳು ಒಪ್ಪಲಿಲ್ಲ. ಒದ್ದೆ ಕೂದಲಲ್ಲೇ ಹೊರಗೆ ಓಡುತ್ತಾಳೆ, ಅದಕ್ಕೇ ಎಂದಳು. ಟರ್ನಿಪ್ ಗಡ್ಡೆಯನ್ನು ಬೇಯಿಸಿ ಬಿಸಿಬಿಸಿ ತಿನ್ನಬೇಕಂತೆ. ನಿನ್ನ ಮನೆಯೊಡತಿ ಸಕೀನೆ ಅವರಿಗೆ ಹೇಳಿದರೆ ಮಾಡಿಕೊಡುತ್ತಾರೆ, ಅವರು ಒಳ್ಳೆಯ ಹೆಂಗಸು. ಅವರಿಗೂ, ಶಾಲೆಯಲ್ಲಿ ನೀನು ಕಲಿಸುವ ಒಂದನೇ ತರಗತಿಯ ಮೂವತ್ತೆರಡು ಮೂಗು ಸುರಿಯುವ ಮಕ್ಕಳಿಗೂ ನಮ್ಮ ಸಲಾಂ ಹೇಳು.

ಬೆಳಗಿನ ನಮಾಜು ಮುಗಿಸಿ ಈ ಕಾಗದ ಬರೆಯಲು ಕೂತಿದ್ದೇನೆ. ಲಸಿಕೆ ಹಾಕುವ ಯದುಲ್ಲಾ ಹತ್ತೊಂಬತ್ತು ದಿನದಿಂದ ನಮ್ಮ ಮನೆಯಲ್ಲೇ ಸಿಕ್ಕಿಕೊಂಡಿದ್ದಾನೆ. ಮಕ್ಕಳಿಗೆ ಸೂಜಿ ಚುಚ್ಚಿ ಎರಡೇ ದಿನಕ್ಕೆ ಹೊರಡುತ್ತೇನೆಂದು ಬಂದವನು. ಇವತ್ತು ಹಿಮ ಗಟ್ಟಿಯಾಗಿದೆ, ಗಾಳಿ ನಿಂತು ಮೂರು ದಿನವಾಯಿತು. ಕೆಳಗಿನ ಓಕ್ ಕಾಡಿನ ನಡುವಿನ ದಾರಿಯಲ್ಲಿ ಇಳಿಯುತ್ತಾನೆ, ಅಲ್ಲಿ ಮರಗಳು ಹಿಮವನ್ನು ಹಿಡಿದುಕೊಂಡಿರುತ್ತವೆ. ಒಂದೂವರೆ ದಿನ ನಡೆದರೆ ನದಿಯ ಪಕ್ಕದ ಪಟ್ಟಣ, ಅಲ್ಲಿಂದ ಈ ಕಾಗದವನ್ನು ಅಂಚೆಗೆ ಹಾಕುತ್ತಾನೆ. ಟೆಲಿಫೋನ್ ಕಂಬ ಬಿದ್ದು ತಿಂಗಳಾಯಿತು. ನನ್ನ ಮಂಡಿಯ ವಿಷಯ ನಿನಗೆ ಗೊತ್ತಿಲ್ಲ. ಮಾಳಿಗೆಯ ಹಿಮ ಎತ್ತಿಹಾಕುವಾಗ ಸಲಿಕೆಯ ಜೊತೆ ನಾನೂ ಕೆಳಗಿನ ಮನೆಯ ಮಾಳಿಗೆಗೆ ಬಿದ್ದೆ. ಮುರಿದಿಲ್ಲ, ಊದಿಕೊಂಡಿತ್ತು. ಈಗ ಕೋಲು ಹಿಡಿದು ನಡೆಯುತ್ತೇನೆ. ಮಂಡಿಯ ಮಾತು ಬರೆದದ್ದು ಅನುಕಂಪಕ್ಕಲ್ಲ. ಎಲ್ಲವೂ ಅದರಿಂದಲೇ ಶುರುವಾಯಿತು, ಅದಕ್ಕೆ.

ನಿನ್ನಮ್ಮ ನನಗೆ ಹೇಳಿಕೊಟ್ಟ ಮಾತು ಬೇರೆ. "ಅವಳ ಮಾವನಿಗೆ ಸ್ವಲ್ಪ ಹುಷಾರಿಲ್ಲ ಅಂತ ಬರೀರಿ, ಒಂದೇ ಸಲ ಎದೆ ಒಡೆಯೋ ಹಾಗೆ ಬರೀಬೇಡಿ" ಎಂದಳು. ಹಾಗೇ ಬರೆಯಬೇಕಲ್ಲವೆ ನಮ್ಮಲ್ಲಿ? ನಿನ್ನ ಅಜ್ಜಿ ಹೋದಾಗ ನಿನಗೆ ಏನು ಬರೆದೆವು? ಅಜ್ಜಿಗೆ ಸ್ವಲ್ಪ ನೆಗಡಿ, ನಿನ್ನನ್ನು ನೋಡಬೇಕಂತೆ ಎಂದು. ನೀನು ಕಪ್ಪು ಬಟ್ಟೆ ಉಟ್ಟುಕೊಂಡೇ ಬಂದು ಮುಟ್ಟಿದೆ. "ಸ್ವಲ್ಪ ಹುಷಾರಿಲ್ಲ" ಎಂದರೆ ಏನು ಎಂದು ಈ ಬೆಟ್ಟದಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಆ ಮಾತು ಓದಿದ ದಿನವೇ ನೀನು ಗಂಟು ಕಟ್ಟಿ ಘಟ್ಟ ಹತ್ತಲು ಹೊರಡುತ್ತೀ. ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ, ಮಗಳೇ. ಎಲ್ಲಾದರೂ ಕೂತುಕೊಂಡು ಓದು. ನಿನ್ನ ಸೋದರಮಾವ ಚೆರಾಗ್‌ಅಲಿ ಇನ್ನಿಲ್ಲ. ಈ ಬಹ್ಮನ್ ತಿಂಗಳ ಏಳರಂದು, ಮಧ್ಯಾಹ್ನ, ಬಿಳಿನಾಲಿಗೆಯಲ್ಲಿ ಹಿಮ ಕುಸಿದು ಹೋದ. ಮಣ್ಣು ಮಾಡಿಯಾಯಿತು. ಏಳನೇ ದಿನವೂ ಆಯಿತು. ನಲವತ್ತನೇ ದಿನ ಮುಂದಿನ ತಿಂಗಳು, ಎಸ್ಫಂದ್ ಹದಿನಾರಕ್ಕೆ ಬೀಳುತ್ತದೆ. ನೀನು ಕಣ್ಣೊರೆಸಿಕೊಂಡು ಮೊದಲು ಎಣಿಸುವುದು ಆ ದಿನವನ್ನೇ ಎಂದು ನನಗೆ ಗೊತ್ತು. ಘಟ್ಟದ ದಾರಿಯ ಮಾತಿಗೆ ಆಮೇಲೆ ಬರುತ್ತೇನೆ, ಈ ಕಾಗದ ಬರೆಯುತ್ತಿರುವುದೇ ಅದಕ್ಕಾಗಿ. ಮೊದಲು ಹೇಗಾಯಿತು ಕೇಳು. ಬೇರೆಯವರ ಬಾಯಿಂದ ಬೇರೆ ಥರ ಕೇಳುವುದು ಬೇಡ.

ಐದು ದಿನ ಬಿಡದೆ ಹಿಮ ಬಿತ್ತು. ಜೊತೆಗೆ ಪಡುವಣ ಗಾಳಿ. ಬೆಟ್ಟದ ನೆತ್ತಿಯಿಂದ ಹೊಗೆ ಏಳುವ ಹಾಗೆ ಹಿಮದ ಪುಡಿ ಹಾರುತ್ತಿತ್ತು. ಆ ಪುಡಿಯೆಲ್ಲ ಎಲ್ಲಿಗೆ ಬಂದು ತುಂಬುತ್ತದೆ? ಬಿಳಿನಾಲಿಗೆಗೆ. ನಮ್ಮ ಊರಿಗೂ ಮಾವನ ಹಟ್ಟಿಗೂ ನಡುವೆ ಇರುವ ಆ ಒಂದು ಕೂಗಿನಷ್ಟು ಅಗಲದ ಇಳಿಜಾರಿಗೆ. ನೋಡಲು ಹಾಸಿಗೆಯ ಹಾಗೆ ನುಣುಪು, ಒಳಗೆ ಟೊಳ್ಳು. ಆರನೇ ದಿನವೂ ಗಾಳಿ. ಏಳನೇ ದಿನ ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಇಂಥ ದಿನವೇ ಮೋಸದ ದಿನ ಎಂದು ನಿನಗೆ ಚಿಕ್ಕಂದಿನಿಂದ ಹೇಳಿಕೊಟ್ಟವನು ಮಾವನೇ ಅಲ್ಲವೆ? ನಮ್ಮ ಹಿರಿಯರು ಈ ತಿಂಗಳಿಗೂ ಬಹ್ಮನ್ ಎಂದರು, ಬೆಟ್ಟದಿಂದ ಕುಸಿದು ಬರುವ ಹಿಮಕ್ಕೂ ಬಹ್ಮನ್ ಎಂದರು. ಎರಡು ಹೆಸರು ಸಿಗದೆ ಹಾಗೆ ಮಾಡಿದರೆಂದು ನನಗೆ ಅನ್ನಿಸುವುದಿಲ್ಲ.

ನನ್ನನ್ನು ಮಾಳಿಗೆಯ ಮೇಲೆ ಕಂಬಳಿ ಹಾಸಿ ಬಿಸಿಲಿಗೆ ಕೂರಿಸಿದ್ದರು, ಕಾಲು ಚಾಚಿಕೊಂಡು. ಯದುಲ್ಲಾ ಪಕ್ಕದ ಮನೆಯಲ್ಲಿ ಕೂಸಿನ ಜ್ವರ ನೋಡುತ್ತಿದ್ದ. ಸೂರ್ಯ ನೆತ್ತಿಗೆ ಬಂದ ಹೊತ್ತು. ಆಚೆ ಬದಿಯಲ್ಲಿ, ಬಂಡೆಯ ಮೂಲೆಯಲ್ಲಿ, ಒಂದು ಕಪ್ಪು ಚುಕ್ಕೆ ಬಂದು ನಿಂತಿತು. ನಡಿಗೆ ನೋಡಿಯೇ ಗೊತ್ತಾಯಿತು, ಮಾವ. ಭಾವ ಬಿದ್ದಿದ್ದಾನೆಂಬ ಸುದ್ದಿ ಹೇಗೋ ಹಟ್ಟಿಗೆ ಮುಟ್ಟಿದೆ. ಅಕ್ಕನ ಗಂಡ ಮಲಗಿದ್ದಾಗ ನೋಡಲು ಬರದೆ ಇರುವುದುಂಟೆ? ಮೂರು ದಿನ ಗಾಳಿಗೆ ಕಾದು, ಇನ್ನು ತಡವಾದರೆ ಜನ ಏನಂದಾರು ಎಂದು ಹೊರಟಿದ್ದಾನೆ. ಅವನ ಮೇಲಂಗಿಯ ಎದೆಯ ಭಾಗ ಉಬ್ಬಿತ್ತು.

"ಭಾವಾ! ಮಂಡಿ ಹೆಂಗಿದೆ?" ಎಂದು ಕೂಗಿದ.

"ನಿನ್ನ ಹಾರೈಕೆಯಿಂದ ಚೆನ್ನಾಗಿದೆ! ತೊಂದ್ರೆ ತಗೋಬೇಡ ಚೆರಾಗ್, ಅಲ್ಲಿಂದ್ಲೇ ಕೇಳಿದ್ಯಲ್ಲ, ಬಂದಷ್ಟೇ ಆಯ್ತು!" ಎಂದೆ.

"ಏನ್ ತೊಂದ್ರೆ? ಕೋಳಿ ತಂದಿದೀನಿ. ಅಕ್ಕನ ಕೈಲಿ ಸಾರು ಮಾಡಿಸ್ಕೊಂಡು ಕುಡಿ!"

"ಬೇಡಪ್ಪಾ, ನಂಗೆ ನಾಚಿಕೆ ಆಗುತ್ತೆ! ಬಿಸಿಲು ಬೇರೆ ಏರಿದೆ, ಇನ್ನೊಂದಿನ ಬಾ!"

"ಇನ್ನೊಂದಿನ ಬಂದ್ರೆ ನೀನು ಎದ್ದು ಓಡಾಡ್ತಿರ್ತೀಯ, ಆಮೇಲೆ ನಾನು ಯಾವ ರೋಗೀನ ನೋಡ್ಲಿ?" ಎಂದು ನಕ್ಕ. ಆ ನಗು ನಿನಗೆ ಗೊತ್ತು, ಕುರಿಗಳೂ ತಲೆಯೆತ್ತಿ ನೋಡುವಂಥ ನಗು.

"ನಿನ್ನ ಪಾದ ನಮ್ಮ ಕಣ್ಣ ಮೇಲೆ ಕಣಯ್ಯಾ, ಆದ್ರೆ ಇವತ್ತು ಬೇಡ!" ಎಂದು ನಾನು ಕೂಗಿದೆ. ಅದು ಮೂರನೆಯ ಬೇಡ.

ತೂಬಾ, ನಿನಗೆ ಆರು ವರ್ಷವಿದ್ದಾಗಿನ ವಾಲ್ನಟ್ ಹಲ್ವದ ಕಥೆ ನೆನಪಿದೆಯೆ? ಮಾವನ ಮನೆಗೆ ಹೋದಾಗ ಕೊಟ್ಟ ಕೂಡಲೇ ಕೈಯೊಡ್ಡಬಾರದು, ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ತೆಗೆದುಕೋ ಎಂದು ನಿನ್ನಮ್ಮ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು. ನೀನು ಎರಡು ಸಲ ಬೇಡ ಎಂದೆ. ಅಷ್ಟರಲ್ಲಿ ಯಾರೋ ನೆಂಟರು ಬಂದು ತಟ್ಟೆ ಆಚೆ ಹೋಯಿತು. ಮೂರನೇ ಸಲ ಯಾರೂ ಕೇಳಲೇ ಇಲ್ಲ. ಮನೆಯವರೆಗೂ ಮಾವನ ಹೆಗಲ ಮೇಲೆ ಕೂತು ಅತ್ತೆ. ಆಮೇಲೆ ಎಷ್ಟು ವರ್ಷ ಅವನು ನಿನ್ನನ್ನು ಕಂಡಾಗಲೆಲ್ಲ "ಎಷ್ಟನೇ ಬೇಡ ಇದು ತೂಬಾ? ಎಣಿಸ್ಕೊಂಡಿದೀಯಾ?" ಎಂದು ಕಾಡಿದ! ನಾವೆಲ್ಲ ಹಾಗೇ ಬೆಳೆದವರು. ಹಸಿದಿದ್ದರೂ ಬೇಡ ಅನ್ನುತ್ತೇವೆ. ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಉಂಡು ಹೋಗಿ ಅನ್ನುತ್ತೇವೆ. ಬರಲಿ ಎಂದು ಮನಸ್ಸು ಹಾರೈಸುತ್ತಿದ್ದರೆ ಬಾಯಿ ತೊಂದರೆ ತಗೋಬೇಡಿ ಅನ್ನುತ್ತದೆ. ಕೇಳುವವನು ಬಾಯಿಯನ್ನು ಬಿಟ್ಟು ಮನಸ್ಸನ್ನು ಹಿಡಿಯಬೇಕು, ಅದೇ ಮರ್ಯಾದೆ. ಮಾವನಷ್ಟು ಮರ್ಯಾದಸ್ಥ ಈ ಬೆಟ್ಟದಲ್ಲಿ ಇರಲಿಲ್ಲ. ನಾನು ಮೂರು ಸಲ ಬೇಡ ಎಂದೆ. ಆದರೆ ಆ ಮೂರರಲ್ಲಿ ಒಂದಕ್ಕೂ ಬೇಡ ಎಂಬ ಅರ್ಥ ಬರದ ಹಾಗೆ ಹೇಳಿದೆ. ಮಾತಿನ ಜೊತೆ ನನ್ನ ಬಲಗೈ ತಾನಾಗಿ ಎದೆಯ ಮೇಲೆ ಹೋಗಿತ್ತು, ತಲೆ ಸ್ವಲ್ಪ ಬಾಗಿತ್ತು. ಅಷ್ಟು ದೂರಕ್ಕೆ ಮಾತು ಅರ್ಧ ಕೇಳಿಸುತ್ತದೆ, ಕೈ ಪೂರ್ತಿ ಕಾಣಿಸುತ್ತದೆ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದವನ ಮನೆಗೆ ಹೋಗದೆ ಯಾರಾದರೂ ಹಿಂದಿರುಗುತ್ತಾರೆಯೆ?

ಅವನೂ ಎದೆಯ ಮೇಲೆ ಕೈಯಿಟ್ಟ. ಬಿಳಿನಾಲಿಗೆಗೆ ಕಾಲು ಇಟ್ಟ.

ಆರೇಳು ಹೆಜ್ಜೆ ಚೆನ್ನಾಗಿ ಬಂದ. ಆಮೇಲೆ ಧಪ್ಪೆಂದು ಒಂದು ಸದ್ದು, ದೊಡ್ಡ ಕಂಬಳಿಯನ್ನು ನೆಲಕ್ಕೆ ಎಸೆದ ಹಾಗೆ. ಅವನ ಮೇಲುಗಡೆ, ಬಹಳ ಮೇಲೆ, ಹಿಮದಲ್ಲಿ ಒಂದು ಗೆರೆ ಸೀಳಿಕೊಂಡು ಹೋಯಿತು. ಅವನು ತಲೆಯೆತ್ತಿ ಅದನ್ನು ನೋಡಿದ. ನಾನೂ ನೋಡಿದೆ. ಆಮೇಲೆ ಇಳಿಜಾರೆಲ್ಲ ಒಂದೇ ಹಾಸಾಗಿ ಜಾರಿತು. ಮೊದಲು ನಿಧಾನ ಅನ್ನಿಸಿತು. ಆಮೇಲೆ ಏನೂ ಕಾಣಲಿಲ್ಲ, ಬಿಳಿ ಧೂಳು ನಮ್ಮ ಮಾಳಿಗೆಯವರೆಗೂ ಬಂದು ನನ್ನ ಮುಖಕ್ಕೆ ಬಡಿಯಿತು.

ಊರೆಲ್ಲ ಓಡಿತು. ಚಳಿಗಾಲಕ್ಕೆಂದು ಮಡಚಿಟ್ಟಿದ್ದ ಕಪ್ಪು ಗುಡಾರಗಳ ಕೋಲುಗಳನ್ನು ಹೊತ್ತು ಗಂಡಸರು ಇಳಿದರು. ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಂತು, ಒಂದು ಹೆಜ್ಜೆಗೆ ಒಂದು ಸಲ ಹಿಮದೊಳಗೆ ಕೋಲು ಚುಚ್ಚುತ್ತಾ ಹೋದರು. ಹೆಂಗಸರು ತಾಮ್ರದ ಹರಿವಾಣಗಳಿಂದ ಅಗೆದರು. ಕುಸಿದು ನಿಂತ ಹಿಮ ಗಾರೆಯ ಹಾಗೆ ಗಟ್ಟಿ, ಸಲಿಕೆಯ ಹಿಡಿ ಮುರಿಯಿತು. ನಾನು ಮಾಳಿಗೆಯ ಮೇಲೆ ಕೂತು, ಕೊನೆಯ ಸಲ ಅವನನ್ನು ಕಂಡ ಜಾಗಕ್ಕೆ ಬೆರಳು ತೋರಿಸುತ್ತಾ ಕಿರುಚುತ್ತಿದ್ದೆ, ಅಷ್ಟೇ ನನ್ನ ಕೈಲಾದದ್ದು. ಅವನು ಸಿಗಲು ಚಹಾದ ಒಂದು ಸಮೋವಾರ್ ಕುದಿಯುವ ಹೊತ್ತಿಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಅದರ ಅರ್ಧ ಹೊತ್ತಿನಲ್ಲಿ ಸಿಕ್ಕಿದ್ದರೆ ಉಳಿಯುತ್ತಿದ್ದ ಎಂದು ಯದುಲ್ಲಾ ಹೇಳಿದ. ಬಹಳ ಹೊತ್ತು ಅವನ ಬಾಯಿಗೆ ಉಸಿರು ಊದಿದ, ಪಾಪ. ಒಂದು ಕೈಯನ್ನು ಮಾವ ಮುಖದ ಮುಂದೆ ಹಿಡಿದಿದ್ದ, ಉಸಿರಾಡಲು ಜಾಗ ಇರಲೆಂದು. ಇನ್ನೊಂದು ಕೈ ಮೇಲಂಗಿಯೊಳಗಿತ್ತು. ಕೋಳಿ ಅಲ್ಲಿರಲಿಲ್ಲ. ಹಿಮ ಬಂದು ಬಡಿಯುವ ಮೊದಲು ಅದನ್ನು ಹಾರಿಸಿಬಿಟ್ಟಿದ್ದಾನೆ. ಸಂಜೆ ಅದು ಬಂಡೆಯ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಈಗ ನಮ್ಮ ಅಡುಗೆಮನೆಯಲ್ಲೇ ಇದೆ, ಹಿಟ್ಟಿನ ಚೀಲದ ಮೇಲೆ ಹತ್ತುತ್ತದೆ, ಯಾರೂ ಬೈಯುವುದಿಲ್ಲ. ನಿನ್ನಮ್ಮ ಅದರ ಜೊತೆ ಮಾತಾಡುತ್ತಾಳೆ.

ಕೆಲವರು ನನ್ನ ಕೂಗಿಗೆ ಹಿಮ ಕುಸಿಯಿತು ಎಂದು ಪಿಸುಗುಟ್ಟಿದರಂತೆ. ಕೂಗಿಗೆ ಹಿಮ ಇಳಿಯುವುದಿಲ್ಲ, ಕಾಲಿನ ಭಾರಕ್ಕೆ ಇಳಿಯುತ್ತದೆ, ಐವತ್ತು ವರ್ಷ ಈ ಊರಿಗೆ ದಾರಿ ತುಳಿದುಕೊಟ್ಟವನು ನಾನು. ಆ ಪಿಸುಮಾತು ನನ್ನನ್ನು ನೋಯಿಸಲಿಲ್ಲ. ನೋಯಿಸಿದ್ದು ಸಮಾಧಾನದ ಮಾತು. "ನೀನು ಮೂರು ಸಲ ಬೇಡ ಅಂದೆ, ಇಡೀ ಊರೇ ಕೇಳ್ತು, ಇನ್ನೇನ್ ಮಾಡೋಕಾಗ್ತಿತ್ತು?" ಎಂದು ಬಂದವರೆಲ್ಲ ನನ್ನ ಹೆಗಲು ಮುಟ್ಟಿ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ಒಂದು ದಿನ ಹಿಟ್ಟು ನಾದುತ್ತಾ ನಿನ್ನಮ್ಮ ತಲೆಯೆತ್ತದೆ ಕೇಳಿದಳು, "ಅವನಿಗೆ ಏನಂತ ಕೂಗಿದ್ರಿ?" ಎಂದು. "ಬರಬೇಡ ಅಂದೆ" ಎಂದೆ. ಅವಳು ಇನ್ನಷ್ಟು ಹೊತ್ತು ನಾದಿದಳು. ನಿಜ ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. "ಲೋ ಕತ್ತೆ, ನಿಂಗೆ ತಲೆ ಕೆಟ್ಟಿದೆಯಾ, ನನ್ನ ಮನೆ ಮೆಟ್ಟಿಲು ಹತ್ತಬೇಡ, ತೊಲಗು!" ಎಂದು ಒಂದೇ ಸಲ ಕೂಗಿದ್ದರೆ ಸಾಕಿತ್ತು. ಅವನ ಮುಖ ಕೆಂಪಾಗುತ್ತಿತ್ತು. ಕೋಳಿ ಸಮೇತ ತಿರುಗಿ ಹೋಗುತ್ತಿದ್ದ. ಎರಡು ವರ್ಷ ಮಾತು ಬಿಡುತ್ತಿದ್ದ, ನಿನ್ನ ಮದುವೆಯಲ್ಲಿ ನನಗೆ ಬೆನ್ನು ಹಾಕಿ ಕೂರುತ್ತಿದ್ದ, ಊರೂರಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದ. ಬದುಕಿರುತ್ತಿದ್ದ. ಆ ಬೈಗುಳ ನನ್ನ ಗಂಟಲವರೆಗೂ ಬಂದಿತ್ತು, ತೂಬಾ. ಮಾಳಿಗೆಗಳ ಮೇಲೆ ಜನ ಕೂತಿದ್ದರು. ಹೆಂಡತಿಯ ತಮ್ಮನಿಗೆ, ಕೋಳಿ ಹಿಡಿದು ಬಂದವನಿಗೆ, ಹಾಗೆ ಅನ್ನುವುದು ಹೇಗೆ ಎಂದು ನುಂಗಿಕೊಂಡೆ.

ಇನ್ನು ನಲವತ್ತರ ಮಾತು. ನಿನ್ನಮ್ಮ ಪಕ್ಕದಲ್ಲೇ ಕೂತು ಹೇಳಿಸುತ್ತಿದ್ದಾಳೆ, ಅವಳ ಮಾತನ್ನು ಹಾಗೇ ಬರೆಯುತ್ತೇನೆ: "ತೂಬಾ, ನನ್ನ ಕರುಳೇ, ದಾರಿ ಕಷ್ಟ, ಶಾಲೆ ಬಿಟ್ಟು ನೀನು ತೊಂದರೆ ತಗೋಬೇಡ. ನಿನ್ನ ಮನಸ್ಸು ಇಲ್ಲೇ ಇರುತ್ತೆ ಅಂತ ನಂಗೆ ಗೊತ್ತು. ಅವನು ನಿನ್ನನ್ನ ಎತ್ತಿ ಆಡಿಸಿದವನು, ಅವನೂ ತಪ್ಪು ತಿಳಿಯಲ್ಲ. ಹಲ್ವ ಮಾಡೋಕೆ ಕೈ ಸಾಲಲ್ಲ, ಆದ್ರೂ ಹೆಂಗೋ ಮಾಡ್ಕೋತೀನಿ."

ನನ್ನ ಮಾತು ಇದು. ಬಸ್ಸಿನಲ್ಲಿ ಸುತ್ತಿ ನದಿಯ ಕಡೆಯಿಂದ ಬರಲು ನಾಲ್ಕು ದಿನ ಬೇಕು, ಹೋಗಲು ನಾಲ್ಕು ದಿನ, ನಿನಗೆ ಅಷ್ಟು ರಜೆ ಸಿಗುವುದಿಲ್ಲ. ಘಟ್ಟದ ದಾರಿ ಒಂದೇ ದಿನದ್ದು, ನಿನಗೆ ಕಾಲಲ್ಲೇ ಗೊತ್ತಿರುವ ದಾರಿ. ಆದರೆ ಎಸ್ಫಂದ್ ನಡುವಿಗೆ ಬಿಸಿಲು ಬಲಿಯುತ್ತದೆ, ಮೇಲೆ ಹೊಸ ಹಿಮ, ಕೆಳಗೆ ಹಳೆಯ ಹಿಮ, ನಡುವೆ ನೀರು. ಬಹ್ಮನ್ ತಿಂಗಳಿಗಿಂತ ಅದು ಕೆಟ್ಟದ್ದು. ಬರುವುದಾದರೆ ಒಬ್ಬಳೇ ಹೊರಡಬೇಡ, ಮೂವರಾದರೂ ಇರಲಿ. ಹಿಮ ಬಿದ್ದು ನಿಂತ ಮೇಲೆ ಮೂರು ದಿನ ಕಾಯಿ. ನಕ್ಷತ್ರ ಕಾಣುವ, ಕೊರೆಯುವ ರಾತ್ರಿಯ ಮರುದಿನ ಬೆಳಕು ಹರಿಯುವ ಮುಂಚೆ ಹೊರಡು, ಬಿಸಿಲು ಬೀಳುವ ಮೊದಲು ನೆತ್ತಿ ದಾಟಿರಬೇಕು. ಇಳಿಜಾರಿನ ಹೊಟ್ಟೆಯಲ್ಲಿ ನಡೆಯಬೇಡ, ಬೆನ್ನೆಲುಬಿನಂಥ ದಿಣ್ಣೆ ಹಿಡಿದು ನಡೆ. ಗಾಳಿ ಹಿಮ ತಂದು ತುಂಬಿದ ಮಗ್ಗುಲು ಯಾವುದೆಂದು ಮೊದಲು ನೋಡು. ದಾಟಲೇಬೇಕಾದ ಕಡೆ ಒಬ್ಬೊಬ್ಬರೇ ದಾಟಿ, ಉಳಿದವರು ಬಂಡೆಯ ಮರೆಯಲ್ಲಿ ನಿಂತು ಕಣ್ಣು ತೆಗೆಯದೆ ನೋಡುತ್ತಿರಲಿ. ಹೊರೆಯ ಪಟ್ಟಿ ಸಡಿಲಿಸಿಕೋ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೋ. ಕಾಲ ಕೆಳಗೆ ಧಪ್ಪೆಂದರೆ ಒಂದು ಹೆಜ್ಜೆಯೂ ಮುಂದಿಡದೆ ಬಂದ ಹೆಜ್ಜೆಯಲ್ಲೇ ಹಿಂದಿರುಗು.

ನಿನಗೆ ಯಾವುದು ಸರಿ ಕಾಣುತ್ತದೋ ಹಾಗೆ ಮಾಡು. ನಮ್ಮ ಮೇಲೆ ಬೇಸರ ಬೇಡ. ಬಂದರೆ ನಿನ್ನ ಪಾದ ನಮ್ಮ ಕಣ್ಣ ಮೇಲೆ, ಬಾರದಿದ್ದರೆ ನಿನ್ನ ಹೆಸರು ನಮ್ಮ ಪ್ರಾರ್ಥನೆಯಲ್ಲಿ. ಯದುಲ್ಲಾನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ, ಒಣಗಿಸಿದ ಮೊಸರಿನ ಉಂಡೆ, ಕಾಡು ಈರುಳ್ಳಿ, ನಿನ್ನಮ್ಮ ಹೆಣೆದ ಉಣ್ಣೆಯ ಕಾಲುಚೀಲ. ಪಟ್ಟಣದಿಂದ ಅವನು ಅದನ್ನು ಪಾರ್ಸೆಲ್ ಮಾಡುತ್ತಾನೆ. ದೇವರು ನಿನ್ನ ನೆರಳನ್ನು ನಮ್ಮ ಮೇಲೆ ಇರಿಸಲಿ.

ನಿನ್ನ ಅಪ್ಪ,
ಅಮಾನುಲ್ಲಾ

ಮತ್ತೆ: ಯದುಲ್ಲಾ ಹೊಸಿಲಲ್ಲಿ ಕೂತು ಕಾಲಿಗೆ ಪಟ್ಟಿ ಸುತ್ತುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ನಿನ್ನಮ್ಮ ಹಾಲು ಕರೆಯಲು ಹೋದಾಗ ಈ ಕಾಗದದ ಕೊನೆಯ ಭಾಗವನ್ನು ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಹಾಗಾದ್ರೆ ಮಗಳು ಹದಿನೈದನೇ ತಾರೀಖೇ ಬಂದು ಮುಟ್ತಾಳೆ ಅನ್ನಿ" ಎಂದ. ಇಷ್ಟೆಲ್ಲ ಬರೆದು ಮತ್ತೆ ಅದನ್ನೇ ಮಾಡಿದ್ದೇನೆ. "ಬರುವುದಾದರೆ" ಎಂಬುದರಿಂದ ಹಿಡಿದು ನನ್ನ ಸಹಿಯವರೆಗೂ ಅಡ್ಡ ಗೆರೆ ಎಳೆದಿದ್ದೇನೆ, ಅದನ್ನು ಓದಬೇಡ. ನಿನ್ನಮ್ಮನ ಮಾತನ್ನೂ ಹೊಡೆದುಹಾಕಿದ್ದೇನೆ.

ಬರಬೇಡ. ನೀನು ಬರುವುದು ನನಗೆ ಬೇಕಾಗಿಲ್ಲ. ಘಟ್ಟ ಹತ್ತಿ ಬಂದರೆ ಬಾಗಿಲು ತೆಗೆಯುವುದಿಲ್ಲ, ಚಹಾ ಕೊಡುವುದಿಲ್ಲ, ನಿನ್ನಮ್ಮನನ್ನೂ ಹೊರಗೆ ಬಿಡುವುದಿಲ್ಲ. ಊರಿನವರೆಲ್ಲ ಕೇಳುವ ಹಾಗೆ ಮೂರ್ಖಳು ಎಂದು ಬೈಯುತ್ತೇನೆ. ಮಾವನ ನಲವತ್ತಕ್ಕೆ ನಿನ್ನ ಅವಶ್ಯಕತೆ ಇಲ್ಲ. ಹಲ್ವ ಮಾಡಲು ಇಲ್ಲಿ ಬೇಕಾದಷ್ಟು ಹೆಂಗಸರಿದ್ದಾರೆ. ಎಸ್ಫಂದ್ ಮುಗಿದ ಮೇಲೆ ಹೊಸ ವರ್ಷದ ರಜೆಯಲ್ಲಿ ಬಸ್ಸಿನಲ್ಲಿ ಸುತ್ತಿ ನದಿಯ ದಾರಿಯಲ್ಲಿ ಬಾ, ಅದಕ್ಕೆ ಮೊದಲು ನಿನ್ನ ಮುಖ ತೋರಿಸಬೇಡ.

ಓದಿ ಅಳು ಬಂದಿರಬೇಕು. ಅಪ್ಪನಿಗೆ ಬುದ್ಧಿ ಕೆಟ್ಟಿತೆಂದು ಸಿಟ್ಟೂ ಬರಲಿ. ಆ ಸಿಟ್ಟಿನಲ್ಲೇ ನಾಲ್ಕು ಸಾಲು ಬರೆ. ಸಲಾಂ ಹಾಕಬೇಡ, ಕ್ಷೇಮ ಕೇಳಬೇಡ, ಬೈದು ಬರೆ. ನದಿ ಪಟ್ಟಣದ ಆರೋಗ್ಯ ಕೇಂದ್ರಕ್ಕೆ, ಯದುಲ್ಲಾನ ಹೆಸರಿಗೆ ಹಾಕು. ಎರಡನೇ ಸುತ್ತಿನ ಲಸಿಕೆಗೆ ಎಸ್ಫಂದ್ ಹತ್ತರ ಹೊತ್ತಿಗೆ ಅವನು ಮತ್ತೆ ಬರುತ್ತಾನೆ. ನಿನ್ನ ಬೈಗುಳದ ಕಾಗದ ಅವನ ಚೀಲದಲ್ಲಿದ್ದರೆ ನೀನು ಅಲ್ಲೇ ಇದ್ದೀಯ ಎಂದು ತಿಳಿಯುತ್ತೇನೆ. ಇಲ್ಲದಿದ್ದರೆ, ಈ ಕಾಲಿನಲ್ಲೇ, ನೀನು ಬರುವ ದಾರಿಗೆ ಎದುರಾಗಿ ಘಟ್ಟ ಹತ್ತಲು ಹೊರಡುತ್ತೇನೆ.